ಎಲುಬು ಮುರಿದಾಗ: ಕೂಡುವ ಶಕ್ತಿ, ಕಾಯುವ ಹೊಣೆ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಹಾದಿಗಳ ಚಹರೆಯೇ ಬದಲಾಗುತ್ತದೆ. ಹಿರಣ್ಯಕೇಶಿ, ಘಟಪ್ರಭೆಗಳ ದಂಡೆಯ ಹೊಲಗಳಿಂದ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಕಾರ್ಖಾನೆಗಳತ್ತ ಸಾಗುತ್ತವೆ. ಅದೇ ಹೊತ್ತಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವಾಹನಗಳ ಓಟ ನಿಲ್ಲುವುದೇ ಇಲ್ಲ. ಹಿಂಬದಿಯಲ್ಲಿ ದೀಪವಿಲ್ಲದ ಟ್ರೇಲರಿಗೆ ಇರುಳಿನಲ್ಲಿ ಬೈಕು ಬಡಿಯುವುದು, ಹೇರಿದ ಕಬ್ಬಿನ ಮೇಲಿನಿಂದ ಕೂಲಿಯಾಳು ಜಾರಿ ಬೀಳುವುದು, ಬಚ್ಚಲಿನಲ್ಲಿ ಅಜ್ಜಿ ಕಾಲು ಜಾರುವುದು, ಇವೆಲ್ಲ ನಮ್ಮ ನಡುವೆ ನಡೆಯುತ್ತಲೇ ಇರುವ ಸಂಗತಿಗಳು.

ಎಲುಬು ಮುರಿಯಿತೆಂದು ತಿಳಿದೊಡನೆ ಮನೆಯಲ್ಲಿ ಮೂರು ಮಾತು ಹುಟ್ಟುತ್ತವೆ. ಒಬ್ಬರು ಬೆಳಗಾವಿ ಎನ್ನುತ್ತಾರೆ, ಇನ್ನೊಬ್ಬರು ಮೀರಜ ಎನ್ನುತ್ತಾರೆ, ಹಿರಿಯರೊಬ್ಬರು ಯಾವುದೋ ಹಳ್ಳಿಯಲ್ಲಿ ಕಟ್ಟು ಕಟ್ಟುವವರ ಹೆಸರು ಹೇಳುತ್ತಾರೆ. ಈ ಚರ್ಚೆಯಲ್ಲಿ ಕಳೆದುಹೋಗುವ ಗಂಟೆಗಳೇ ಎಷ್ಟೋ ಸಲ ಕಾಲು ಉಳಿಯುವುದೋ ಹೋಗುವುದೋ ಎಂಬುದನ್ನು ನಿರ್ಧರಿಸುತ್ತವೆ. ದುಡಿದು ಉಣ್ಣುವವನಿಗೆ ಕೈಕಾಲೇ ಆಸ್ತಿ. ಆದ್ದರಿಂದ ಎಲುಬು ಹೇಗೆ ಕೂಡುತ್ತದೆ, ಅದರ ಚಿಕಿತ್ಸೆಯ ಕುರಿತು ಶಸ್ತ್ರವೈದ್ಯರು ನಡೆಸಿದ ಸಂಶೋಧನೆ ಏನನ್ನು ತಿಳಿಸಿಕೊಟ್ಟಿದೆ, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎಲುಬು ಒಣಕಟ್ಟಿಗೆಯಲ್ಲ

ನಾವು ಎಲುಬನ್ನು ಮನೆಯ ತೊಲೆಯಂತೆ ಭಾವಿಸುತ್ತೇವೆ. ತೊಲೆ ಮುರಿದರೆ ಬಡಿಗ ಬಂದು ಜೋಡಿಸಬೇಕು. ಎಲುಬು ಹಾಗಿಲ್ಲ. ಅದರೊಳಗೆ ರಕ್ತ ಹರಿಯುತ್ತದೆ. ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅಲ್ಲಿ ಸದಾ ದುಡಿಯುತ್ತಿರುತ್ತವೆ. ಚರ್ಮಕ್ಕೆ ಆಳವಾದ ಗಾಯವಾದರೆ ಕಲೆ ಉಳಿಯುತ್ತದೆ. ಆದರೆ ಸರಿಯಾಗಿ ಕೂಡಿದ ಎಲುಬಿನಲ್ಲಿ ಕೆಲವು ವರ್ಷಗಳ ಮೇಲೆ ಮುರಿದ ಜಾಗ ಯಾವುದೆಂದು ಗುರುತಿಸುವುದೂ ಕಷ್ಟವಾಗಬಹುದು. ಅಲ್ಲಿ ಹುಟ್ಟುವುದು ಕಲೆಯಲ್ಲ, ನಿಜವಾದ ಎಲುಬೇ.

ಈ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮುರಿದ ಕೂಡಲೇ ಆ ಜಾಗದಲ್ಲಿ ರಕ್ತ ಸೋರಿ ಗರಣೆಗಟ್ಟುತ್ತದೆ. ಅದು ಕೆಟ್ಟ ರಕ್ತವಲ್ಲ, ಮುಂದಿನ ಎಲ್ಲ ಕೆಲಸಕ್ಕೂ ಅದೇ ಅಡಿಪಾಯ. ಕೆಲವೇ ದಿನಗಳಲ್ಲಿ ಅದರೊಳಗೆ ಹೊಸ ರಕ್ತನಾಳಗಳು ಚಿಗುರುತ್ತವೆ. ಎರಡು ಮೂರು ವಾರಗಳಲ್ಲಿ ತುಂಡುಗಳ ನಡುವೆ ಮೆತ್ತಗಿನ ಬೆಸುಗೆಯೊಂದು ಮೂಡುತ್ತದೆ. ಆಮೇಲೆ ಅದರಲ್ಲಿ ಸುಣ್ಣದಂಶ ಸೇರಿ ಗಟ್ಟಿಯಾಗುತ್ತದೆ. ಇದಕ್ಕೆ ಎಲುಬಿನ ಗಾತ್ರ, ವಯಸ್ಸುಗಳಿಗೆ ಅನುಗುಣವಾಗಿ ಆರು ವಾರಗಳಿಂದ ಹಲವು ತಿಂಗಳು ಬೇಕು. ಕೊನೆಗೆ, ನಾವು ನಡೆದಾಡುವಾಗ ಬೀಳುವ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಮಣ್ಣಿನ ಗೋಡೆ ಕಟ್ಟುವವನು ಮೊದಲು ಕೆಸರು ಹದಮಾಡಿ ಏರಿಸುತ್ತಾನೆ, ಒಣಗಲು ಬಿಡುತ್ತಾನೆ, ಕಟ್ಟಕಡೆಗೆ ಕೆತ್ತಿ ನುಣುಪು ಮಾಡುತ್ತಾನೆ. ದೇಹದ ಕ್ರಮವೂ ಹಾಗೆಯೇ. ಹಸಿಗೋಡೆಯ ಮೇಲೆ ತೊಲೆಯಿಟ್ಟರೆ ಏನಾಗುವುದೋ ಬಲಿಯದ ಎಲುಬಿನ ಮೇಲೆ ಭಾರ ಹಾಕಿದರೂ ಅದೇ ಆಗುತ್ತದೆ.

ಹಾಗಾದರೆ ಎಲುಬನ್ನು ಕೂಡಿಸುವುದು ವೈದ್ಯನಲ್ಲ, ದೇಹವೇ. ದೇಹ ಈ ಕೆಲಸ ಮಾಡಬೇಕಾದರೆ ಮೂರು ಅನುಕೂಲಗಳು ಬೇಕು. ಮುರಿದ ಜಾಗಕ್ಕೆ ರಕ್ತ ತಲುಪಬೇಕು, ತುಂಡುಗಳು ಹೆಚ್ಚು ಅಲುಗಾಡಬಾರದು, ಗಾಯ ಕೀವುಗಟ್ಟಬಾರದು. ರಕ್ತ, ನಿಶ್ಚಲತೆ, ಶುದ್ಧಿ ಎಂದು ಇವನ್ನು ನೆನಪಿಡಬಹುದು. ಶಸ್ತ್ರವೈದ್ಯರ ಸಂಶೋಧನೆಯೆಲ್ಲ ಈ ಮೂರನ್ನು ಕಾಯುವುದು ಹೇಗೆ ಎಂಬುದರ ಸುತ್ತಲೇ ನಡೆದಿದೆ.

ಸುಶ್ರುತರು ಕೊಟ್ಟ ಎಚ್ಚರಿಕೆ

ಎಲುಬು ಕಟ್ಟುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತಸಂಹಿತೆಯು ಮುರಿತಗಳನ್ನು ಹನ್ನೆರಡು ಬಗೆಯಾಗಿ, ಕೀಲು ತಪ್ಪುವುದನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಎಳೆದು ಸರಿಪಡಿಸುವುದು, ಮರದ ತೊಗಟೆ ಹಾಗೂ ಬಿದಿರಿನ ದಬ್ಬೆಗಳನ್ನಿಟ್ಟು ಬಟ್ಟೆ ಸುತ್ತುವುದು, ಕಾಲು ಮುರಿದವನನ್ನು ಹಲಗೆಯ ಮೇಲೆ ಅಲುಗದಂತೆ ಮಲಗಿಸುವುದು ಎಲ್ಲವೂ ಅದರಲ್ಲಿವೆ. ಎಲುಬು ಎಳೆಯರಲ್ಲಿ ಒಂದು ತಿಂಗಳಿಗೆ, ನಡುವಯಸ್ಸಿನಲ್ಲಿ ಅದರ ಎರಡರಷ್ಟು ಕಾಲಕ್ಕೆ, ಮುಪ್ಪಿನಲ್ಲಿ ಮೂರರಷ್ಟು ಕಾಲಕ್ಕೆ ಗಟ್ಟಿಯಾಗುತ್ತದೆ ಎಂದೂ ಆ ಗ್ರಂಥ ಹೇಳುತ್ತದೆ.

ಅದೇ ಗ್ರಂಥದಲ್ಲಿ ಒಂದು ಎಚ್ಚರಿಕೆಯಿದೆ. ಕಟ್ಟು ಸಡಿಲಾದರೆ ಎಲುಬು ನಿಲ್ಲುವುದಿಲ್ಲ. ಬಿಗಿಯಾದರೆ ಬಾವು, ನೋವು, ಕೊಳೆಯುವಿಕೆ ಉಂಟಾಗುತ್ತವೆ. ಆದ್ದರಿಂದ ಹದವಾದ ಕಟ್ಟೇ ಒಳ್ಳೆಯದು. ಅಷ್ಟೇ ಅಲ್ಲ, ತಂಪುಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಶೀತೋಷ್ಣ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ನೋಡಬೇಕೆಂಬ ನಿಯಮವನ್ನೂ ಅವರು ವಿಧಿಸಿದ್ದಾರೆ.

ಇಂದು ಹಳ್ಳಿಗಳಲ್ಲಿ ಕಟ್ಟು ಕಟ್ಟುವವರಲ್ಲಿ ಅನುಭವಿಗಳೂ ನಿಸ್ಪೃಹರೂ ಇದ್ದಾರೆ. ಸರಿಯದ ಸಣ್ಣ ಬಿರುಕು, ಮಕ್ಕಳ ಕೈಯ ಸಾದಾ ಮುರಿತ ಅವರ ಕಟ್ಟಿನಿಂದಲೂ ಕೂಡಿರುವುದುಂಟು. ಏಕೆಂದರೆ ಕೂಡಿಸುವುದು ದೇಹವೇ. ಆದರೆ ಒಳಗೆ ಎಲುಬು ಹೇಗೆ ಮುರಿದಿದೆ ಎಂಬುದು ಎಕ್ಸ್-ರೇ ಇಲ್ಲದೆ ಕೈಗೆ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬಿಗಿ ಕಟ್ಟಿನದು. ಮುರಿದ ಮೇಲೆ ಮೊದಲ ಎರಡು ಮೂರು ದಿನ ಅಂಗ ಬಾತುಕೊಳ್ಳುತ್ತಲೇ ಹೋಗುತ್ತದೆ. ಸುತ್ತಲೂ ದಬ್ಬೆ ಬಿಗಿದಿದ್ದರೆ ಆ ಬಾವಿಗೆ ಹೊರಗೆ ಹರಡಲು ಜಾಗವಿರದು. ಒತ್ತಡ ಒಳಕ್ಕೆ ಏರುತ್ತದೆ, ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಹೀಗೆ ಸುಮಾರು ಆರು ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಜರ್ಮನಿಯ ರಿಚರ್ಡ್ ಫೋಲ್ಕ್‌ಮನ್ ಎಂಬ ಶಸ್ತ್ರವೈದ್ಯ 1881ರಲ್ಲೇ ಬಿಗಿ ಕಟ್ಟಿನಿಂದ ಕೈ ಮುದುಡಿ ಹಕ್ಕಿಯ ಪಂಜದಂತಾಗುವುದನ್ನು ವಿವರಿಸಿದ್ದ. ಇಂದಿಗೂ ಆ ವಿಕಲತೆಗೆ ಅವನ ಹೆಸರೇ ಇದೆ.

ಈ ಅಪಾಯ ಹಳ್ಳಿಯ ದಬ್ಬೆಗೆ ಮಾತ್ರ ಸೀಮಿತವಲ್ಲ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿನೊಳಗೂ ಇದು ಸಂಭವಿಸಬಹುದು. ಯಾವ ಕಟ್ಟೂ ಇಲ್ಲದಿದ್ದಾಗ, ಮೊಣಕಾಲ ಕೆಳಗಿನ ಎಲುಬು ಮುರಿದಷ್ಟರಿಂದಲೇ ಸಂಭವಿಸಬಹುದು. ಆದ್ದರಿಂದ ಅದರ ಗುರುತುಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ಔಷಧಕ್ಕೂ ಜಗ್ಗದೆ ಏರುತ್ತಲೇ ಹೋಗುವ ನೋವು, ಬೆರಳನ್ನು ಬೇರೆಯವರು ಮೆಲ್ಲಗೆ ಚಾಚಿದರೂ ತಡೆಯಲಾರದ ಯಾತನೆ, ಬೆರಳುಗಳಲ್ಲಿ ಜೋಮು, ತಣ್ಣಗಾಗುವುದು, ಬಿಳಚಿಕೊಳ್ಳುವುದು ಅಥವಾ ನೀಲಿಗಟ್ಟುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ದಬ್ಬೆಯ ಕಟ್ಟಾದರೆ ತಕ್ಷಣ ಸಡಿಲಿಸಬೇಕು. ಪ್ಲಾಸ್ಟರಾದರೆ ಆ ಇರುಳೇ ಆಸ್ಪತ್ರೆಗೆ ಒಯ್ದು ಸೀಳಿಸಬೇಕು. "ಕಟ್ಟಿದ ಮೇಲೆ ನೋವು ಇದ್ದೇ ಇರುತ್ತದೆ, ತಾಳಿಕೋ" ಎಂಬ ಮಾತು ಎಷ್ಟೋ ಕೈಕಾಲುಗಳನ್ನು ಕಳೆದಿದೆ.

ಕೈಗುಣದಿಂದ ಶಾಸ್ತ್ರಕ್ಕೆ

ಕಟ್ಟು ಕಟ್ಟುವವರ ಮನೆತನದಿಂದಲೇ ಆಧುನಿಕ ಎಲುಬುವೈದ್ಯದ ಹಿರಿಯನೊಬ್ಬ ಬಂದನೆಂಬುದು ಅನೇಕರಿಗೆ ತಿಳಿಯದು. ಬ್ರಿಟನ್ನಿನ ವೇಲ್ಸ್ ಸೀಮೆಯ ಹ್ಯೂ ಓವೆನ್ ಥಾಮಸ್ ಎಂಬಾತನ ತಂದೆಯೂ ಪೂರ್ವಿಕರೂ ಎಲುಬು ಕೂಡಿಸುವವರಾಗಿದ್ದರು. ತಂದೆ ಮಕ್ಕಳನ್ನು ವೈದ್ಯಶಾಸ್ತ್ರ ಓದಿಸಿದ. ಥಾಮಸನು ಮನೆತನದ ಕೈಗುಣವನ್ನು ಶಾಸ್ತ್ರದ ಓದಿನೊಂದಿಗೆ ಬೆರೆಸಿ, ಕಾಲನ್ನು ಚಾಚಿ ಅಲುಗದಂತೆ ಹಿಡಿಯುವ ಕಬ್ಬಿಣದ ಚೌಕಟ್ಟೊಂದನ್ನು ರೂಪಿಸಿದ. ಅವನು 1891ರಲ್ಲಿ ತೀರಿಕೊಂಡ ಮೇಲೆ, ಅವನ ಸಂಬಂಧಿ ರಾಬರ್ಟ್ ಜೋನ್ಸ್ ಮೊದಲ ಮಹಾಯುದ್ಧದಲ್ಲಿ ಅದನ್ನು ಸೈನಿಕರಿಗೆ ಬಳಸುವಂತೆ ಒತ್ತಾಯಿಸಿದ. ಯುದ್ಧದ ಆರಂಭದಲ್ಲಿ ಗುಂಡೇಟಿನಿಂದ ತೊಡೆಯ ಎಲುಬು ಮುರಿದವರಲ್ಲಿ ನೂರಕ್ಕೆ 80ರಷ್ಟು ಮಂದಿ ಸಾಯುತ್ತಿದ್ದರೆಂದೂ ಈ ಚೌಕಟ್ಟನ್ನು ಗಾಯಗೊಂಡ ಸ್ಥಳದ ಸಮೀಪದಲ್ಲೇ ಹಾಕತೊಡಗಿದ ಮೇಲೆ ಸಾವು ಸುಮಾರು 16ಕ್ಕೆ ಇಳಿಯಿತೆಂದೂ ಅಂದಿನ ಸೇನಾ ವೈದ್ಯರ ವರದಿಗಳು ತಿಳಿಸುತ್ತವೆ.

ಇದಕ್ಕೆ ಕಾರಣ ಸರಳ. ತೊಡೆಯ ಎಲುಬು ಮುರಿದರೆ ಹೊರಗೆ ಒಂದು ಹನಿಯೂ ಕಾಣದಂತೆ ಒಳಗೇ ಒಂದು ಲೀಟರಿಗೂ ಮಿಕ್ಕಿ ರಕ್ತ ಸೋರಬಹುದು. ತುಂಡುಗಳು ಅಲುಗಿದಷ್ಟೂ ರಕ್ತಸ್ರಾವ, ನೋವುಗಳೆರಡೂ ಹೆಚ್ಚುತ್ತವೆ. ಅಲುಗದಂತೆ ಹಿಡಿದರೆ ಎರಡೂ ತಗ್ಗುತ್ತವೆ. ಗಾಯಾಳುವನ್ನು ಕಂಕುಳಿಗೆ ಕೈಕೊಟ್ಟು ಎತ್ತಿ, ಕಾಲು ಜೋತಾಡುತ್ತಿರುವಂತೆಯೇ ಜೀಪಿನ ಹಿಂದೆ ತುಂಬುವ ನಮ್ಮ ಅಭ್ಯಾಸ ಎಷ್ಟು ಅಪಾಯಕರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಂದಿನ ಹೆಜ್ಜೆಗಳು ಬೇಗಬೇಗನೆ ಬಂದವು. 1850ರ ದಶಕದ ಆದಿಯಲ್ಲಿ ಹಾಲೆಂಡಿನ ಸೇನಾ ವೈದ್ಯ ಮಥೈಸನ್ ಪ್ಲಾಸ್ಟರ್ ಪಟ್ಟಿಯನ್ನು ರೂಢಿಗೆ ತಂದಿದ್ದ. 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ. 1939ರಲ್ಲಿ ಜರ್ಮನಿಯ ಗೆರ್ಹಾರ್ಟ್ ಕ್ಯುಂಚರ್ ತೊಡೆಯ ಎಲುಬಿನ ಟೊಳ್ಳಿನೊಳಗೆ ಉದ್ದನೆಯ ಉಕ್ಕಿನ ಸಲಾಕೆ ಇಳಿಸಿದ. ನಾವು ಇಂದು "ರಾಡ್ ಹಾಕಿದರು" ಎನ್ನುವುದು ಅದನ್ನೇ. ತಿಂಗಳುಗಟ್ಟಲೆ ತೂಕ ತೂಗಿಬಿಟ್ಟು ಮಲಗಬೇಕಾಗಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ಕೂರುವಂತಾಯಿತು. 1958ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರ ಬಳಗವೊಂದು ಒಂದುಗೂಡಿ, ಪ್ಲೇಟು ಮತ್ತು ಸ್ಕ್ರೂಗಳನ್ನು ಅಳವಡಿಸುವ ಕ್ರಮವನ್ನು ಶಾಸ್ತ್ರಬದ್ಧಗೊಳಿಸಿತು.

ಆದರೆ ಅನುಭವ ಅವರಿಗೆ ಒಂದು ಪಾಠ ಕಲಿಸಿತು. ಪ್ರತಿಯೊಂದು ಚೂರನ್ನೂ ಕೂದಲೆಳೆಯಷ್ಟೂ ಬಿಡದಂತೆ ಜೋಡಿಸುವ ಹಟದಲ್ಲಿ, ಎಲುಬಿಗೆ ಅಂಟಿಕೊಂಡ ಪೊರೆ, ಸ್ನಾಯುಗಳನ್ನು ಬಿಡಿಸಿದರೆ ಆ ಚೂರುಗಳಿಗೆ ರಕ್ತವೇ ಇಲ್ಲದಂತಾಗುತ್ತದೆ. ಚಿತ್ರದಲ್ಲಿ ಎಲುಬು ಅಂದವಾಗಿ ಕಂಡರೂ ಅದು ಕೂಡುವುದಿಲ್ಲ. ಆದ್ದರಿಂದ ಈಗಿನ ಶಸ್ತ್ರವೈದ್ಯರು ಕೀಲಿನ ಮುರಿತವನ್ನು ಮಾತ್ರ ಕರಾರುವಾಕ್ಕಾಗಿ ಜೋಡಿಸುತ್ತಾರೆ. ಉದ್ದನೆಯ ಎಲುಬಿನ ನಡುಭಾಗದಲ್ಲಾದರೆ ಉದ್ದ, ನೇರ, ತಿರುವುಗಳನ್ನು ಸರಿಪಡಿಸಿ, ಸಣ್ಣ ಗಾಯದ ಮೂಲಕ ರಾಡು ಅಥವಾ ಪ್ಲೇಟು ತೂರಿಸಿ, ಉಳಿದುದನ್ನು ದೇಹಕ್ಕೆ ಬಿಡುತ್ತಾರೆ. "ಎಕ್ಸ್-ರೇಯಲ್ಲಿ ಇನ್ನೂ ಸಂದು ಕಾಣುತ್ತಿದೆಯಲ್ಲ, ಆಪರೇಷನ್ ತಪ್ಪಿದೆಯೇ?" ಎಂದು ಕೇಳುವ ಬಂಧುಗಳು ಈ ತತ್ತ್ವವನ್ನು ಅರಿತರೆ ಅವರ ಆತಂಕ ಎಷ್ಟೋ ಕಡಿಮೆಯಾದೀತು.

ಕುರ್ಗಾನ್‌ದಿಂದ ಮೀರಜಕ್ಕೆ

ನಮ್ಮ ಭಾಗದವರು ಎಲುಬಿನ ತೊಂದರೆಗೆ ಮೀರಜದ ದಾರಿ ಹಿಡಿಯುವುದು ತಲೆಮಾರುಗಳಿಂದ ಬಂದ ರೂಢಿ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅವರು ಅಲ್ಲಿ ಮಿಷನ್ ಆಸ್ಪತ್ರೆ ಸ್ಥಾಪಿಸಿದಂದಿನಿಂದ ಆ ಊರು ವೈದ್ಯರ ಊರೆಂದೇ ಹೆಸರಾಯಿತು. ಗಡಿಯಾಚೆ ಇದ್ದರೂ ಕನ್ನಡ ಮಾತು ಅಲ್ಲಿ ಪರಕೀಯವಲ್ಲ. ಅದೇ ಊರಿನಲ್ಲಿ ಸ್ವಾಸ್ಥ್ಯಯೋಗ ಪ್ರತಿಷ್ಠಾನದ ಆಸ್ಪತ್ರೆಯನ್ನು ಕಟ್ಟಿದ ಡಾ. ಜಿ. ಎಸ್. ಕುಲಕರ್ಣಿಯವರು ಎಲುಬು ಮುರಿತದ ಚಿಕಿತ್ಸೆಯಲ್ಲಿ ದೇಶವೇ ಗುರುತಿಸಿದ ಹೆಸರು. ಅವರ ಸಂಪಾದಕತ್ವದಲ್ಲಿ ಸಿದ್ಧವಾದ, ಹಲವು ಸಂಪುಟಗಳ ಎಲುಬುವೈದ್ಯ ಪಠ್ಯಗ್ರಂಥವನ್ನು ಭಾರತದ ಸ್ನಾತಕೋತ್ತರ ವಿದ್ಯಾರ್ಥಿಗಳು ಓದುತ್ತ ಬಂದಿದ್ದಾರೆ. ಮಹಾನಗರದ ದೊಡ್ಡ ಸಂಸ್ಥೆಯಲ್ಲಿ ಕುಳಿತಲ್ಲ, ಕಬ್ಬು, ಅರಿಸಿನ ಬೆಳೆಯುವ ರೈತಾಪಿ ಸೀಮೆಯ ಊರಲ್ಲಿ ದುಡಿಯುತ್ತಲೇ ಇದು ಸಾಧ್ಯವಾಯಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಇಲಿಝಾರೊವ್ ಪದ್ಧತಿಯನ್ನು ಭಾರತದಲ್ಲಿ ಮೊದಮೊದಲು ಬಳಕೆಗೆ ತಂದು, ಇತರ ವೈದ್ಯರಿಗೂ ಕಲಿಸಿದವರಲ್ಲಿ ಅವರು ಪ್ರಮುಖರು.

ಏನಿದು ಇಲಿಝಾರೊವ್ ಪದ್ಧತಿ? ಗಾವ್ರಿಲ್ ಇಲಿಝಾರೊವ್ 1921ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಸೈಬೀರಿಯದ ಕುರ್ಗಾನ್ ಪ್ರಾಂತದಲ್ಲಿ ವೈದ್ಯನಾಗಿದ್ದವರು. ಯುದ್ಧ ಮುಗಿದ ಕಾಲ. ಕೂಡದ ಎಲುಬು, ಕೀವು ಸೋರುವ ಗಾಯ ಹೊತ್ತ ಸೈನಿಕರು ಎಲ್ಲೆಲ್ಲೂ ಇದ್ದರು. ಔಷಧಿಯ ಕೊರತೆ ಬೇರೆ. 1950ರ ದಶಕದ ಆದಿಯಲ್ಲಿ ಅವರು ಒಂದು ಸಾಧನ ರೂಪಿಸಿದರು. ಕಾಲಿನ ಸುತ್ತ ಲೋಹದ ಬಳೆಗಳು. ಆ ಬಳೆಗಳಿಂದ ಎಲುಬಿನ ಮೂಲಕ ಅಡ್ಡಲಾಗಿ ಹಾಯುವ ತೆಳು ತಂತಿಗಳು. ಬಳೆಗಳನ್ನು ಜೋಡಿಸುವ, ನಟ್ಟು ತಿರುಗಿಸಿ ಹತ್ತಿರ ಅಥವಾ ದೂರ ಮಾಡಬಹುದಾದ ಸರಳುಗಳು. ಚಕ್ಕಡಿಯ ಗಾಲಿಯಲ್ಲಿ ಅರಗಳು ಗುಂಬವನ್ನು ನಡುವೆ ಹಿಡಿದಿಡುವಂತೆ ಬಿಗಿದ ತಂತಿಗಳು ಎಲುಬನ್ನು ನಡುವೆ ಹಿಡಿದಿಡುತ್ತವೆ.

ತುಂಡುಗಳನ್ನು ಒತ್ತಿ ಹಿಡಿದರೆ ಕೂಡುತ್ತವೆ ಎಂಬುದು ಮೊದಲ ಎಣಿಕೆ. ಆದರೆ ರೋಗಿಯೊಬ್ಬ ನಟ್ಟನ್ನು ತಪ್ಪು ದಿಕ್ಕಿಗೆ ತಿರುಗಿಸಿಕೊಂಡಾಗ, ತುಂಡುಗಳು ದೂರವಾದ ಸಂದಿನಲ್ಲಿ ಹೊಸ ಎಲುಬು ಮೂಡಿದ್ದನ್ನು ಇಲಿಝಾರೊವ್ ಕಂಡರೆಂದು ಹೇಳುತ್ತಾರೆ. ಅವರು ಅದನ್ನು ಆಕಸ್ಮಿಕವೆಂದು ತಳ್ಳಿಹಾಕದೆ ವರ್ಷಗಟ್ಟಲೆ ಪ್ರಯೋಗ ನಡೆಸಿ ನಿಯಮವನ್ನಾಗಿ ಸ್ಥಾಪಿಸಿದರು. ಎಲುಬನ್ನು ಅದರ ರಕ್ತನಾಳಗಳಿಗೆ ಧಕ್ಕೆಯಾಗದಂತೆ ಕತ್ತರಿಸಿ, ಐದಾರು ದಿನ ಬಿಟ್ಟು, ದಿನಕ್ಕೆ 1 ಮಿಲಿಮೀಟರಿನಂತೆ ನಾಲ್ಕು ಹಂತಗಳಲ್ಲಿ ಮೆಲ್ಲಗೆ ದೂರ ಸರಿಸಿದರೆ ನಡುವೆ ಹೊಸ ಎಲುಬು ಬೆಳೆಯುತ್ತದೆ. ಬೇಗ ಎಳೆದರೆ ಹರಿಯುತ್ತದೆ, ತೀರ ನಿಧಾನಿಸಿದರೆ ಮೊದಲೇ ಗಟ್ಟಿಯಾಗಿ ನಿಂತುಬಿಡುತ್ತದೆ.

1964ರ ಒಲಿಂಪಿಕ್ಸಿನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ರಷ್ಯದ ವಲೇರಿ ಬ್ರೂಮೆಲ್ ಮರುವರ್ಷವೇ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಚೂರಾಗಿ, ಹಲವು ಶಸ್ತ್ರಚಿಕಿತ್ಸೆ ಸೋತ ಮೇಲೆ ಕುರ್ಗಾನ್‌ಗೆ ಬಂದು ಗುಣಹೊಂದಿದ. 1980ರಲ್ಲಿ ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಅಲ್ಲಿ ಚಿಕಿತ್ಸೆ ಪಡೆದ ಮೇಲೆ ಪಶ್ಚಿಮದ ವೈದ್ಯರ ಕಣ್ಣು ತೆರೆಯಿತು. ಅಲ್ಲಿಂದ ಈ ವಿದ್ಯೆ ಜಗತ್ತಿಗೆಲ್ಲ ಹರಡಿ, ಮೀರಜವನ್ನೂ ಮುಟ್ಟಿತು.

ನಮ್ಮ ಸೀಮೆಗೆ ಈ ಪದ್ಧತಿ ವಿಶೇಷವಾಗಿ ಬೇಕಾಗಿತ್ತು. ತಡವಾಗಿ ಬಂದ ಗಾಯ, ಕೀವು ತುಂಬಿ ಎಲುಬಿನ ತುಂಡೇ ಸತ್ತುಹೋದ ಕಾಲು, ವರ್ಷ ಕಳೆದರೂ ಕೂಡದ ಮುರಿತ ಇಂಥವಕ್ಕೆ ಹಿಂದೆ ಕಾಲು ಕಡಿಯುವುದೇ ಅನೇಕ ಸಲ ಉಳಿದ ಉಪಾಯವಾಗಿತ್ತು. ಈಗ ಸತ್ತ ಎಲುಬನ್ನು ತೆಗೆದುಹಾಕಿ, ಜೀವಂತ ಎಲುಬನ್ನು ದಿನಕ್ಕೊಂದು ಮಿಲಿಮೀಟರಿನಂತೆ ಸಾಗಿಸಿ ಆ ಜಾಗ ತುಂಬಬಹುದು. ಆದರೆ 5 ಸೆಂಟಿಮೀಟರ್ ಎಲುಬು ಬೆಳೆಯಲು ಎಳೆಯುವುದಕ್ಕೇ 50 ದಿನ ಬೇಕು, ಅದು ಬಲಿಯಲು ಮತ್ತೂ ಹಲವು ತಿಂಗಳು ಬೇಕು. ಅಷ್ಟು ಕಾಲ ರೋಗಿಯೋ ಮನೆಯವರೋ ದಿನವೂ ನಟ್ಟು ತಿರುಗಿಸಬೇಕು, ತಂತಿಯ ಬುಡವನ್ನು ಶುಚಿಯಾಗಿಡಬೇಕು, ಆ ಚೌಕಟ್ಟಿನೊಂದಿಗೇ ನಡೆದಾಡಬೇಕು. ವೈದ್ಯನ ಕುಶಲತೆಯಷ್ಟೇ ಮನೆಯವರ ನಿಷ್ಠೆಯೂ ಇಲ್ಲಿ ಔಷಧ. ಮೊದಲ ದಿನ ಉಳಿಸಬಹುದಾಗಿದ್ದ ಕೆಲವು ಗಂಟೆಗಳಿಗೆ ಬದಲಾಗಿ ಒಂದಿಡೀ ವರ್ಷ ತೆರಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ಚರ್ಮ ಹರಿದು ಎಲುಬು ಕಂಡರೆ

ಮುರಿತದ ಜಾಗದಲ್ಲಿ ಚರ್ಮ ಹರಿದಿದ್ದರೆ ಅದನ್ನು ತೆರೆದ ಮುರಿತ ಎನ್ನುತ್ತಾರೆ. ಗಾಯ ಜೋಳದ ಕಾಳಿನಷ್ಟೇ ಇದ್ದರೂ ಸರಿ, ಅದರ ಮೂಲಕ ರಸ್ತೆಯ ಧೂಳು, ಹೊಲದ ಮಣ್ಣು ಎಲುಬಿನವರೆಗೂ ಹೋಗಿರಬಹುದು. ಇಂಥ ಗಾಯಗಳ ಬಗ್ಗೆ ನಡೆದ ಸಂಶೋಧನೆ ಅತ್ಯಂತ ಉಪಯುಕ್ತವಾದುದು.

1974ರಲ್ಲಿ ಅಮೆರಿಕದ ಮೈಕಲ್ ಪಟ್ಜಾಕಿಸ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕುನಿವಾರಕ ಔಷಧ ಪಡೆಯದ ರೋಗಿಗಳಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಸೋಂಕು ತಗುಲಿತ್ತು. ಸೆಫಲೋಥಿನ್ ಎಂಬ ಔಷಧ ಪಡೆದವರಲ್ಲಿ ಅದು ಸುಮಾರು 2ಕ್ಕೆ ಇಳಿದಿತ್ತು. ಗಾಯವಾದ 3 ಗಂಟೆಯೊಳಗೆ ಈ ಬಗೆಯ ಔಷಧ ಆರಂಭಿಸಿದರೆ ಸೋಂಕು ಇನ್ನೂ ಕಡಿಮೆ ಎಂದು ಮುಂದೆ 1989ರ ಅವರ ಬರಹ ತೋರಿಸಿತು. 1976ರಲ್ಲಿ ರಾಮೋನ್ ಗುಸ್ಟಿಲೊ ಮತ್ತು ಆಂಡರ್ಸನ್ ಸಾವಿರಕ್ಕೂ ಹೆಚ್ಚು ತೆರೆದ ಮುರಿತಗಳನ್ನು ಪರಿಶೀಲಿಸಿ ರೂಪಿಸಿದ ಮೂರು ದರ್ಜೆಗಳ ವಿಂಗಡಣೆಯನ್ನು ಇಂದಿಗೂ ಎಲ್ಲೆಡೆ ಬಳಸುತ್ತಾರೆ.

ಗಾಯವನ್ನು ಯಾವುದರಿಂದ ತೊಳೆಯಬೇಕು? ಈ ಸಾಮಾನ್ಯ ಪ್ರಶ್ನೆಗೆ ಉತ್ತರ ಹುಡುಕಲು ಕೆನಡಾದ ಶಸ್ತ್ರವೈದ್ಯ ಮೋಹಿತ್ ಭಂಡಾರಿ ಅವರ ನೇತೃತ್ವದಲ್ಲಿ ಭಾರತವೂ ಸೇರಿ ಐದು ದೇಶಗಳ 41 ಕೇಂದ್ರಗಳಲ್ಲಿ ಅಧ್ಯಯನ ನಡೆಯಿತು. 2015ರಲ್ಲಿ ಪ್ರಕಟವಾದ ಅದರ ಫಲಿತಾಂಶ 2447 ರೋಗಿಗಳನ್ನು ಆಧರಿಸಿದ್ದು. ಸಾಬೂನು ದ್ರಾವಣದಿಂದ ತೊಳೆದವರಲ್ಲಿ ನೂರಕ್ಕೆ 14.8 ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು. ಸಾದಾ ಸಲೈನಿನಿಂದ ತೊಳೆದವರಲ್ಲಿ 11.6 ಮಂದಿಗೆ. ಯಂತ್ರದಿಂದ ಜೋರಾಗಿ ಚಿಮ್ಮಿಸಿದರೂ ಮೆಲ್ಲಗೆ ಸುರಿದರೂ ಫಲ ಒಂದೇ. ಅಂದರೆ ದುಬಾರಿ ಯಂತ್ರವಿಲ್ಲದ ಸಣ್ಣ ಊರಿನ ಆಸ್ಪತ್ರೆಯಲ್ಲೂ ಸಲೈನ್ ಬಾಟಲಿಗಳಿಂದ ಉತ್ತಮವಾಗಿ ಗಾಯ ತೊಳೆಯಬಹುದು. ಬಡವರ ಪಾಲಿಗೆ ಇಂಥ ಸಂಶೋಧನೆಗಿಂತ ದೊಡ್ಡ ದಾಸೋಹ ಇನ್ನೇನಿದೆ?

ಭಂಡಾರಿ ಅವರ ಬಳಗವೇ 18 ದೇಶಗಳ 31 ಸಾವಿರಕ್ಕೂ ಹೆಚ್ಚು ಎಲುಬು ಮುರಿತದ ರೋಗಿಗಳನ್ನು ಗಮನಿಸಿ 2020ರಲ್ಲಿ ಮತ್ತೊಂದು ವರದಿ ನೀಡಿತು. ಸುಮಾರು ನಾಲ್ಕರಲ್ಲಿ ಒಬ್ಬರು ಸೂಕ್ತ ಆಸ್ಪತ್ರೆಗೆ ಸೇರುವಷ್ಟರಲ್ಲಿ 24 ಗಂಟೆ ಮೀರಿತ್ತು. ತಡವಾಗಲು ಎಲ್ಲಕ್ಕಿಂತ ದೊಡ್ಡ ಕಾರಣ ಹಣವೂ ಅಲ್ಲ, ದೂರವೂ ಅಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವುದರಲ್ಲಿ ಆದ ವಿಳಂಬ. ಆದ್ದರಿಂದ ಹೊರಡುವ ಮುನ್ನವೇ "ಎಲುಬಿನ ಶಸ್ತ್ರಚಿಕಿತ್ಸೆ ಈಗ ಅಲ್ಲಿ ಸಾಧ್ಯವೇ?" ಎಂದು ದೂರವಾಣಿಯಲ್ಲಿ ವಿಚಾರಿಸುವುದು, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಮೊದಲ ಔಷಧ, ಧನುರ್ವಾಯು ಚುಚ್ಚುಮದ್ದು ಪಡೆದು ಮುಂದೆ ಸಾಗುವುದು ಜಾಣತನ.

ಮುಪ್ಪಿನಲ್ಲಿ ಬಿದ್ದರೆ

ಅರವತ್ತು ದಾಟಿದವರು ಬಿದ್ದು ಏಳಲಾರದಾದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಯ ಎಲುಬಿನ ಮೇಲ್ತುದಿ ಮುರಿದಿದೆ ಎಂದೇ ತಿಳಿಯಬೇಕು. "ವಯಸ್ಸಾಯಿತು, ಆಪರೇಷನ್ ತಾಳಲಾರರು, ಮಲಗಿರಲಿ" ಎನ್ನುವುದು ಕರುಣೆಯ ಮಾತಿನಂತೆ ಕೇಳುತ್ತದೆ. ವಾಸ್ತವದಲ್ಲಿ ಹಾಸಿಗೆಯೇ ಅವರ ವೈರಿ. ಬೆನ್ನಿನ ಹುಣ್ಣು, ಎದೆಯಲ್ಲಿ ಕಫ, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಗರಣೆ ಇವೇ ಅವರನ್ನು ಕೊಂಡೊಯ್ಯುತ್ತವೆ. 17 ದೇಶಗಳಲ್ಲಿ 2970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮುರಿತ ಪತ್ತೆಯಾದ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು 24 ಗಂಟೆಯ ಹೊತ್ತಿಗೆ ಒಳಗಾದವರೊಂದಿಗೆ ಹೋಲಿಸಿತು. ಸಾವಿನ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಚಿಕಿತ್ಸೆ ಪಡೆದವರಲ್ಲಿ ಬುದ್ಧಿಭ್ರಮೆ, ಮೂತ್ರದ ಸೋಂಕುಗಳು ಕಡಿಮೆಯಾಗಿದ್ದವು, ಅವರು ಬೇಗ ಎದ್ದು ನಿಂತರು. ಅಲ್ಲಿ ಹೋಲಿಕೆ ನಡೆದುದು 6 ಗಂಟೆ ಮತ್ತು 24 ಗಂಟೆಗಳ ನಡುವೆ. ನಮ್ಮಲ್ಲಿ ಹಿರಿಯರು ವಾರಗಟ್ಟಲೆ ಮಲಗಿರುತ್ತಾರೆ.

ಆ ಹೊತ್ತಿನಲ್ಲಿ ಮಾಡಬೇಕಾದುದು

1. ಮೊದಲು ಉಸಿರು ಮತ್ತು ರಕ್ತಸ್ರಾವವನ್ನು ಗಮನಿಸಿ. ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. 108ಕ್ಕೆ ಕರೆ ಮಾಡಿ.

2. ಕುತ್ತಿಗೆಗೋ ಬೆನ್ನಿಗೋ ಪೆಟ್ಟಾದ ಸಂಶಯವಿದ್ದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಲು ತಲೆ ಎತ್ತಬೇಡಿ. ನಾಲ್ಕಾರು ಜನ ಸೇರಿ, ಹಲಗೆಯ ಮೇಲೆ ಮರದ ದಿಮ್ಮಿ ಉರುಳಿಸುವಂತೆ ಒಟ್ಟಾಗಿ ಹೊರಳಿಸಿ ಸಾಗಿಸಿ.

3. ಸೊಟ್ಟಗಾದ ಅಂಗವನ್ನು ಎಳೆದು ನೇರ ಮಾಡಬೇಡಿ. ಹೇಗಿದೆಯೋ ಹಾಗೆಯೇ, ಮುರಿತದ ಮೇಲಿನ ಮತ್ತು ಕೆಳಗಿನ ಎರಡೂ ಕೀಲುಗಳು ಅಲುಗದಂತೆ ಹಲಗೆ, ಬಿದಿರು, ಸುತ್ತಿದ ಕಂಬಳಿ ಏನಾದರೊಂದನ್ನು ಆಧಾರವಾಗಿ ಕಟ್ಟಿ. ಬೆರಳ ತುದಿಗಳು ಕಾಣುತ್ತಿರಲಿ.

4. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ. ಅರಿಸಿನ, ಚಹಪುಡಿ, ಬೂದಿ, ಸೊಪ್ಪಿನ ರಸ ಹಾಕಬೇಡಿ. ತೊಳೆದ ಬಟ್ಟೆ ಮುಚ್ಚಿ ಸಾಕು.

5. ಬಳೆ, ಉಂಗುರ, ಕಾಲುಂಗುರ, ಗೆಜ್ಜೆಗಳನ್ನು ಬಾವು ಏರುವ ಮುನ್ನವೇ ತೆಗೆಯಿರಿ.

6. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ಚಹ ಕೊಡಬೇಡಿ.

7. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಚೀಟಿ, ಪಡಿತರ ಚೀಟಿಗಳು ಮನೆಯಲ್ಲಿ ಗೊತ್ತಾದ ಜಾಗದಲ್ಲಿರಲಿ.

ದಾರಿಯಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸರ ಕಾಟ ಎಂಬ ಭಯ ಇನ್ನೂ ಹೋಗಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ದಾರಿಯಲ್ಲಿ ಬಿದ್ದವನನ್ನು ಬಿಟ್ಟುಹೋಗಲು ಈಗ ಕಾನೂನಿನ ನೆಪವೂ ಉಳಿದಿಲ್ಲ.

ಕಟ್ಟು ಹಾಕಿದ ಮೇಲೆ

ಶಸ್ತ್ರಚಿಕಿತ್ಸೆಯೊಂದಿಗೆ ಚಿಕಿತ್ಸೆ ಮುಗಿಯುವುದಿಲ್ಲ, ಆಗ ಅರ್ಧ ದಾರಿ ಸಾಗಿರುತ್ತದೆ ಅಷ್ಟೇ. ಮುರಿದ ಅಂಗವನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಟ್ಟರೆ ಬಾವು ಇಳಿಯುತ್ತದೆ. ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ವೈದ್ಯರು ಹೇಳಿದ ದಿನ ವ್ಯಾಯಾಮ ಆರಂಭಿಸದಿದ್ದರೆ ಎಲುಬು ಕೂಡಿದರೂ ಕೀಲು ಬಿಗಿದುಕೊಳ್ಳುತ್ತದೆ. ಅವರು ಹೇಳುವ ಮುನ್ನವೇ ಭಾರ ಹಾಕಿದರೆ ರಾಡು ಕೂಡ ಮುರಿದೀತು. ಲೋಹ ಎಷ್ಟೇ ಗಟ್ಟಿಯಾಗಿದ್ದರೂ ಎಲುಬು ಕೂಡುವವರೆಗಿನ ಆಸರೆ ಮಾತ್ರ.

ಪಥ್ಯದ ಹೆಸರಿನಲ್ಲಿ ರೋಗಿಯನ್ನು ಉಪವಾಸ ಕೆಡಹುವುದು ಸಲ್ಲದು. ಹೊಸ ಎಲುಬಿಗೆ ಸುಣ್ಣದಂಶವಷ್ಟೇ ಅಲ್ಲ, ಸಸಾರಜನಕವೂ ಬೇಕು. ಹಾಲು, ಮೊಸರು, ರೊಟ್ಟಿ, ಹೆಸರು, ಮಡಿಕೆ, ಶೇಂಗಾ, ಎಳ್ಳು, ಹಸಿರು ಪಲ್ಲೆ, ಬೆಳಗಿನ ಬಿಸಿಲು ಇವೆಲ್ಲ ನಮ್ಮ ಮನೆಯಂಗಳದಲ್ಲೇ ದೊರೆಯುವ ಔಷಧಗಳು. ಸಕ್ಕರೆ ರೋಗವಿದ್ದವರು ಅದನ್ನು ಹತೋಟಿಯಲ್ಲಿಡಲೇಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಬೀಡಿ, ಸಿಗರೇಟು, ತಂಬಾಕುಗಳನ್ನು ಬಿಡಬೇಕು. ನಿಪ್ಪಾಣಿಯ ತಂಬಾಕಿನ ಪೇಟೆ ಪಕ್ಕದಲ್ಲೇ ಇರುವ ನಮಗೆ ಈ ಮಾತು ಕಹಿಯಾಗಬಹುದು. ತಂಬಾಕಿನ ವಿಷ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತವಿಲ್ಲದೆ ಎಲುಬಿಲ್ಲ. ಮೊಣಕಾಲ ಕೆಳಗಿನ ತೆರೆದ ಮುರಿತಗಳ ಕುರಿತು ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೇದುವವರಲ್ಲಿ ಎಲುಬು ಕೂಡುವ ಸಾಧ್ಯತೆ ಸೇದದವರಿಗಿಂತ ನೂರಕ್ಕೆ 37ರಷ್ಟು ಕಡಿಮೆಯಿತ್ತು. ಲಕ್ಷ ರೂಪಾಯಿಯ ಶಸ್ತ್ರಚಿಕಿತ್ಸೆಯನ್ನು ಹತ್ತು ರೂಪಾಯಿಯ ಬೀಡಿ ಕಟ್ಟು ಕೆಡಿಸಬಲ್ಲದು.

ಸುಶ್ರುತರ ಬಿದಿರಿನ ದಬ್ಬೆಯಿಂದ ಇಲಿಝಾರೊವ್ ಅವರ ಬಳೆಗಳವರೆಗೆ ಸಾಧನಗಳು ಬದಲಾಗುತ್ತ ಬಂದಿವೆ, ತತ್ತ್ವ ಬದಲಾಗಿಲ್ಲ. ಕೂಡುವ ಶಕ್ತಿ ದೇಹದೊಳಗೇ ಇದೆ. ಅದಕ್ಕೆ ಅಡ್ಡಿಯಾಗದಂತೆ ಕಾಯುವುದನ್ನು ವೈದ್ಯರು ಸಂಶೋಧನೆಯಿಂದ ಕಲಿತಿದ್ದಾರೆ. ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಆ ಹೊಣೆ ವೈದ್ಯರದಲ್ಲ, ಪಕ್ಕದಲ್ಲಿರುವ ನಮ್ಮದು. ಬರುವ ಹಂಗಾಮಿಗೆ ಮುನ್ನ ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಬೈಕಿಗೆ ಶಿರಸ್ತ್ರಾಣ ತಂದುಕೊಂಡು, ಬಚ್ಚಲಲ್ಲಿ ಅಜ್ಜ ಅಜ್ಜಿ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿದರೆ, ಈ ಲೇಖನದ ಉಳಿದ ಮಾತುಗಳು ಅನೇಕ ಮನೆಗಳಿಗೆ ಬೇಕಾಗುವುದೇ ಇಲ್ಲ. ಅಂತಹ ದಿನ ಬರಲಿ.